ಹಲ್ಲಿಯಕ್ಕನ ಬಾಲಕ್ಕೊಂದು ಹೊಲಿಗೆ

ದರ್ಜಿಯ ಅಂಗಡಿಯ ನಾಯಿಗೆ ಬಾಬಿನ್ ಎಂದು ಹೆಸರು. ಮರಿಯಾಗಿದ್ದಾಗ ತನ್ನ ಬಾಲವನ್ನು ತಾನೇ ಹಿಡಿಯಲು ಹೋಗಿ ಗರಗರ ತಿರುಗುತ್ತಿದ್ದ. ಅದನ್ನು ಕಂಡ ದರ್ಜಿಯ ಅಮ್ಮ, ಹೊಲಿಗೆ ಯಂತ್ರದೊಳಗೆ ತಿರುಗುವ ದಾರದ ಸುರುಳಿಯ ಹೆಸರನ್ನೇ ಅವನಿಗೆ ಇಟ್ಟುಬಿಟ್ಟಳು. ದೊಡ್ಡವನಾದ ಮೇಲೆ ತಿರುಗುವುದು ನಿಂತಿತು, ಬಾಲ ಮಾತ್ರ ನಿಲ್ಲಲಿಲ್ಲ. ಗಿರಾಕಿ ಬಂದರೂ ಅಲ್ಲಾಡಿಸುತ್ತಿದ್ದ, ಊಟ ಬಂದರೂ ಅಲ್ಲಾಡಿಸುತ್ತಿದ್ದ, ಬೈಸಿಕೊಂಡರೂ ಅಲ್ಲಾಡಿಸುತ್ತಿದ್ದ.

ಅದೇ ಅಂಗಡಿಯ ಗೋಡೆ ಗಡಿಯಾರದ ಹಿಂದೆ ಒಂದು ಹಲ್ಲಿಯ ಸಂಸಾರ. ಸಂಸಾರವೆಂದರೆ ಅವಳೊಬ್ಬಳೇ. ನೆಲದವನಿಗೂ ಗೋಡೆಯವಳಿಗೂ ಹೇಗೆ ಸ್ನೇಹವಾಯಿತೆಂದು ನನ್ನನ್ನು ಕೇಳಬೇಡಿ. ಅಳತೆ ತೆಗೆದುಕೊಂಡು ಸ್ನೇಹ ಮಾಡುವವರನ್ನು ಕಂಡರೆ ನನಗೆ ಮೊದಲೇ ಆಗುವುದಿಲ್ಲ. ಅವನು ಅವಳನ್ನು ಅಕ್ಕ ಎನ್ನುತ್ತಿದ್ದ, ಅವಳು ಅವನನ್ನು ತಮ್ಮ ಎನ್ನುತ್ತಿದ್ದಳು. ಮಧ್ಯಾಹ್ನ ದರ್ಜಿ ಊಟಕ್ಕೆ ಹೋದಾಗ ಇಬ್ಬರಿಗೂ ಹಿಡಿಯುವಾಟ. ಅವಳು ಗೋಡೆಯ ಬುಡಕ್ಕೆ ಇಳಿಯಬೇಕು, ಅವನು ಹಾರಿ ಬರಬೇಕು, ಅವಳು ಸರಕ್ಕನೆ ಮೇಲೇರಬೇಕು.

ಒಂದು ದಿನ ಅವಳು ಸ್ವಲ್ಪ ನಿಧಾನವಾದಳು, ಅವನು ಸ್ವಲ್ಪ ಜೋರಾದ. ಅವನ ಮುಂಗಾಲು ಬಾಲದ ಮೇಲೆ ಬಿತ್ತು. ಹಲ್ಲಿಯಕ್ಕ ಮೇಲೆ ಹೋದಳು, ಬಾಲ ಕೆಳಗೇ ಉಳಿಯಿತು. ಉಳಿದದ್ದು ಸುಮ್ಮನೆಯೂ ಇರದೆ ಪಟಪಟನೆ ಒದ್ದಾಡಿತು.

ಬಾಬಿನ್ ಮುಂಗಾಲನ್ನು ಸರಕ್ಕನೆ ಹಿಂದಕ್ಕೆಳೆದುಕೊಂಡ. "ಅಯ್ಯೋ ಅಕ್ಕ! ನಿನ್ನ ಬಾಲ ಕಿತ್ತುಹಾಕ್ಬಿಟ್ಟೆ!"

"ಬಾಲ ತಾನೇ? ಬಿಡೋ, ಮತ್ತೆ ಬೆಳೆಯುತ್ತೆ."

"ಬಾಲ ಎಲ್ಲಾದ್ರೂ ಬೆಳೆಯುತ್ತಾ? ತಪ್ಪಾಯ್ತು ಅಕ್ಕ, ಹೊಟ್ಟೆಗೆ ಹಾಕ್ಕೋ."

"ನಾನು ಹೊಟ್ಟೆಗೆ ಹಾಕ್ಕೊಳ್ಳೋದು ಸೊಳ್ಳೇನ," ಎಂದು ಅವಳು ಲೊಚಲೊಚ ನಕ್ಕು ಗಡಿಯಾರದ ಹಿಂದೆ ಸೇರಿಕೊಂಡಳು.

ಆ ನಗು ಅವನಿಗೆ ಬಾಣದ ಹಾಗೆ ನಾಟಿತು. ಬಾಲ ಕಳೆದುಕೊಂಡವರು ನಗುವುದುಂಟೇ? ನನ್ನ ಮುಖ ನೋಡಲಾರದೆ ಹೋಗಿ ಅವಿತುಕೊಂಡಿದ್ದಾಳೆ, ಇನ್ನು ನಮ್ಮ ಸ್ನೇಹ ಮುಗಿಯಿತು ಎಂದುಕೊಂಡ.

ಆದರೆ ಅವನು ಬೆಳೆದದ್ದು ದರ್ಜಿಯ ಅಂಗಡಿಯಲ್ಲಿ. ಅಲ್ಲಿಗೆ ಹರಿದದ್ದು ಬರುತ್ತದೆ, ಯಂತ್ರ ಟಕಟಕ ಎನ್ನುತ್ತದೆ, ನೆಟ್ಟಗಾದದ್ದು ಹೋಗುತ್ತದೆ. ಕಿತ್ತುಹೋದ ತೋಳು, ಬಾಯಿಬಿಟ್ಟ ಜೇಬು, ಎಲ್ಲವೂ ಅವನ ಕಣ್ಣೆದುರಿಗೇ ಸರಿಯಾಗಿದ್ದವು. ಬಾಲ ಯಾವ ಮಹಾ? ಬಾಬಿನ್ ಅದನ್ನು ಹಲ್ಲು ತಾಗದಂತೆ ಬಾಯಲ್ಲಿ ಎತ್ತಿಕೊಂಡು, ದರ್ಜಿ ಬರುವವರೆಗೂ ಕಾದು, ಯಂತ್ರದ ಸೂಜಿಯ ಕೆಳಗೇ ಇಟ್ಟ.

ದರ್ಜಿ ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದ. "ಥೂ, ಥೂ! ಇದೇನು ಕರ್ಮ!" ಎಂದು ಚಿಂದಿಯಲ್ಲಿ ಹಿಡಿದು ಬೀದಿಗೆ ಎಸೆದ. ಬಾಬಿನ್ ಹಿಂದೆಯೇ ಓಡಿದ. ಅಷ್ಟರಲ್ಲಿ ಇರುವೆಗಳು ಅದನ್ನು ಹೊತ್ತುಕೊಂಡು ಕಲ್ಲಿನ ಸಂದಿಗೆ ಹೊರಟುಹೋಗಿದ್ದವು. ಇರುವೆಗಳ ಜೊತೆ ವಾದ ಮಾಡಿ ಗೆದ್ದವರನ್ನು ನಾನಂತೂ ಕಂಡಿಲ್ಲ.

ಆಮೇಲೆ ಅವನು ಊಟ ಮುಟ್ಟಲಿಲ್ಲ. ಬಾಲ ಅಲ್ಲಾಡಿಸಲಿಲ್ಲ.

"ಹೊಟ್ಟೆ ಕೆಟ್ಟಿರಬೇಕಮ್ಮ," ಎಂದ ದರ್ಜಿ.

"ಮನಸ್ಸಿಗೆ ಏನೋ ಬೇಜಾರಾಗಿದೆ ಕಣೋ," ಎಂದಳು ಗುಂಡಿ ಹಚ್ಚುತ್ತಾ ಕೂತಿದ್ದ ಅಮ್ಮ. ಅವಳು ಎಷ್ಟಾದರೂ ಅಮ್ಮ.

ಕೆಲವು ದಿನ ಹೀಗೇ ಕಳೆಯಿತು. ಹಲ್ಲಿಯಕ್ಕ ಗಡಿಯಾರದ ಹಿಂದಿನಿಂದ ಇಣುಕಿ, "ಒಂದು ಬಾಲಕ್ಕೆ ಇಷ್ಟು ದೊಡ್ಡ ರಾದ್ಧಾಂತವಾ?" ಎಂದು ಮತ್ತೆ ಒಳಗೆ ಹೋಗುತ್ತಿದ್ದಳು. ಬಾಬಿನ್ ಕೂತಲ್ಲೇ ಕೂತು ಯೋಚಿಸಿದ. ಹೊಲಿಯಲು ಬಟ್ಟೆ ಸಾಲದಿದ್ದರೆ ದರ್ಜಿ ಏನು ಮಾಡುತ್ತಾನೆ? ಬೇರೆಯದರಿಂದ ಕತ್ತರಿಸಿ ತೇಪೆ ಹಾಕುತ್ತಾನೆ.

ದರ್ಜಿಗೆ ಒಂದು ಕೆಟ್ಟ ಜಂಬವಿತ್ತು. ಕನ್ನಡಕವನ್ನು ನೆತ್ತಿಗೆ ಏರಿಸಿ, ಅಮ್ಮನ ಜೊತೆ ಹರಟುತ್ತಲೇ ಬಟ್ಟೆ ಕತ್ತರಿಸುತ್ತಿದ್ದ. "ಕೈಗೇ ಕಣ್ಣಿದೆ ನನಗೆ," ಎನ್ನುತ್ತಿದ್ದ. ಅವತ್ತು ಮೇಜಿನ ಮೇಲೆ ಕಂದು ಬಣ್ಣದ ದಪ್ಪ ಬಟ್ಟೆ ಹಾಸಿತ್ತು. ಬಾಬಿನ್‌ನ ಬಣ್ಣವೂ ಕಂದು. ಅವನು ಸದ್ದಿಲ್ಲದೆ ಪಕ್ಕದ ಸ್ಟೂಲು ಹತ್ತಿ, ಬೆನ್ನು ತಿರುಗಿಸಿ, ಸೀಮೆಸುಣ್ಣದ ಗೆರೆಗೆ ಅಡ್ಡವಾಗಿ ಬಾಲ ಚಾಚಿ, ಕಣ್ಣು ಮುಚ್ಚಿಕೊಂಡ. ಹೆದರಿಕೆಯಾಗಿತ್ತು, ಆದರೂ ಕದಲಲಿಲ್ಲ. ಕತ್ತರಿ ಕರಕರ ಎನ್ನುತ್ತಾ ಹತ್ತಿರ ಬಂತು.

ಮೇಲೆ ಛಾವಣಿಗೆ ಅಂಟಿಕೊಂಡಿದ್ದ ಹಲ್ಲಿಯಕ್ಕ ಇದನ್ನು ಕಂಡಳು. ಕೂಗಿದರೆ ಯಾರಿಗೆ ಕೇಳಬೇಕು? ಹಿಡಿತ ಬಿಟ್ಟು ನೇರವಾಗಿ ದರ್ಜಿಯ ಮಣಿಕಟ್ಟಿನ ಮೇಲೆ ಪಚಕ್ಕನೆ ಬಿದ್ದಳು.

"ಅಯ್ಯಮ್ಮಾ!" ಕತ್ತರಿ ಒಂದು ಕಡೆ, ದರ್ಜಿ ಒಂದು ಕಡೆ. ಬಗ್ಗಿ ನೋಡಿದಾಗ ಬಟ್ಟೆಯ ಮೇಲೆ ಬಾಲ ಕಂಡಿತು. ಅವನ ಮುಖ ಬಿಳುಚಿಕೊಂಡಿತು.

"ಕಣ್ಣು ನೆತ್ತಿ ಮೇಲಿಟ್ಕೊಂಡು ಕತ್ತರಿ ಆಡಿಸ್ತೀಯಾ?" ಎಂದು ಅಮ್ಮ ಅವನನ್ನು ಚೆನ್ನಾಗಿ ತರಾಟೆಗೆ ತೆಗೆದುಕೊಂಡಳು.

ಈ ಗಲಾಟೆಯಲ್ಲಿ ಬಾಬಿನ್, ಹಲ್ಲಿಯಕ್ಕ ಇಬ್ಬರೂ ಮೇಜಿನ ಕೆಳಗೆ ಸೇರಿದರು.

"ಲೋ ಹುಚ್ಚಪ್ಪ, ಏನು ಮಾಡ್ತಿದ್ದೆ?"

"ನಂದನ್ನ ಕತ್ತರಿಸಿದ್ರೆ ನಿಂಗೆ ಹೊಲಿಬಹುದಲ್ಲ ಅಂತ…"

ಅಷ್ಟು ದಪ್ಪ ಬಾಲ ಹೊತ್ತು ಗೋಡೆ ಹತ್ತುವುದನ್ನು ನೆನೆದು ಅವಳಿಗೆ ನಗು ಉಕ್ಕಿತು. ಆದರೆ ಅವನ ಮುಖ ನೋಡಿ ನುಂಗಿಕೊಂಡಳು. "ನಿಂದು ಹೋದ್ರೆ ಮತ್ತೆ ಬರಲ್ವಾ?"

"ನಮ್ಮಲ್ಲಿ ಬರಲ್ಲ ಅಕ್ಕ."

ಹಲ್ಲಿಯಕ್ಕನಿಗೆ ಅದು ಗೊತ್ತೇ ಇರಲಿಲ್ಲ. ಮೆಲ್ಲಗೆ ಬೆನ್ನು ತಿರುಗಿಸಿ ತೋರಿಸಿದಳು. ಮುರಿದ ಜಾಗದಲ್ಲಿ ಹೆಸರುಕಾಳಿನಷ್ಟು ಹೊಸ ಬಾಲ ಮೊಳೆತಿತ್ತು. ಬಾಬಿನ್ ಮೂಸಿ ನೋಡಿದ, ನಂಬಿದ. ಆದರೂ ಅವನ ಬಾಲ ಅಲ್ಲಾಡಲಿಲ್ಲ.

"ಇನ್ನೇನಪ್ಪಾ ನಿಂದು?"

"ಬೆಳೆಯುತ್ತೆ, ಸರಿ. ಆದ್ರೆ ತುಳಿದಿದ್ದು ನಾನೇ ಅಲ್ವಾ?"

ಹಲ್ಲಿಯಕ್ಕ ಅವನ ಮುಂಗಾಲಿನ ಹತ್ತಿರಕ್ಕೆ ಸರಿದಳು. "ನೋವಾಯ್ತು ಕಣೋ," ಎಂದಳು. "ಹೆದರಿಕೆನೂ ಆಯ್ತು. ನಮ್ಮ ಪೈಕಿ ಬಾಲಕ್ಕೆಲ್ಲ ಯಾರೂ ಅಳಲ್ಲ, ಅದಕ್ಕೇ ನಕ್ಕು ತೇಲಿಸಿಬಿಟ್ಟೆ. ನಿನ್ನ ಸಂಕಟ ನಂಗೆ ತಿಳೀಲಿಲ್ಲ."

"ತಪ್ಪಾಯ್ತು ಅಕ್ಕ."

"ಕ್ಷಮಿಸಿದೀನಿ ತಮ್ಮ."

ಬಾಲದ ತುದಿ ಒಮ್ಮೆ ಆಡಿತು. ಆಮೇಲೆ ಇಡೀ ಬಾಲ ಮೇಜಿನ ಕಾಲಿಗೆ ಧಬಧಬ ಬಡಿಯತೊಡಗಿ, ಮೇಲಿದ್ದ ಗುಂಡಿಯ ಡಬ್ಬಿ ಉರುಳಿ ಅಂಗಡಿ ತುಂಬ ಗುಂಡಿ ಚೆಲ್ಲಿತು. ದರ್ಜಿ ಬಾಯಿಗೆ ಬಂದ ಹಾಗೆ ಬೈಯುತ್ತಾ ಮಂಡಿಯೂರಿ ಹೆಕ್ಕಿದ.

ಹಲ್ಲಿಯಕ್ಕ ಆ ಬಾಲದ ಏಟಿಗೆ ಸಿಗದಷ್ಟು ದೂರ, ಆದರೆ ಪಕ್ಕದಲ್ಲೇ ಕೂತಳು. ಬಾಬಿನ್ ಮಲಗುವ ಮುಂಚೆ ಮುಂಗಾಲನ್ನು ಗಾಳಿಯಲ್ಲೇ ಹಿಡಿದು, ಅವಳು ಎಲ್ಲಿದ್ದಾಳೆಂದು ನೋಡಿಕೊಂಡು, ಆಮೇಲೆ ಮೆಲ್ಲಗೆ ನೆಲಕ್ಕಿಟ್ಟ.