ಹಿಂದಿನ ಗೇಟಿನ ಎತ್ತರ

ಶಂಕರಲಿಂಗಪ್ಪನವರ ಹೆಣವನ್ನು ಮುಂದಿನ ಗೇಟಿನಿಂದ ಒಯ್ಯಕೂಡದೆಂದು ಬಡಾವಣೆಯ ಸಂಘ ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ತಿಳಿಸಿತು. ಅವರು ತೀರಿಕೊಂಡು ಆಗ ಮೂರು ಗಂಟೆಯಾಗಿತ್ತು.

ತಿಳಿಸಲು ಬಂದ ಕಾರ್ಯದರ್ಶಿ ನವೀನ್ ಕುಮಾರ್ ಬಾಗಿಲಲ್ಲೇ ಚಪ್ಪಲಿ ಬಿಟ್ಟರು. ಬೆಳಗಾಗುವ ಹೊತ್ತಿಗೆ ಎದುರು ಮನೆಯಿಂದ ಬರಿಗಾಲಲ್ಲಿ ಓಡಿಬಂದು, ಆಂಬುಲೆನ್ಸ್ ಬರುವವರೆಗೂ ಮುದುಕರ ಎದೆ ಒತ್ತಿದವರು ಅವರೇ. ಅಂಗಿಯ ತೋಳಿಗೆ ಇನ್ನೂ ವಿಭೂತಿ ಮೆತ್ತಿತ್ತು.

"ತಪ್ಪು ತಿಳ್ಕೋಬೇಡಿ ಅಮ್ಮಾ. ಹೋದ್ ವರ್ಷದ ಮೀಟಿಂಗಲ್ಲಿ ಆಗಿರೋ ರೂಲು. ಇವತ್ತು ಸೈಟ್ ನೋಡಕ್ಕೆ ಜನ ಬೇರೆ ಬರ್ತಾರೆ. ಹಿಂದಿನ ಗೇಟಿಂದ ತಗೊಂಡೋಗ್ಬುಡಿ."

ಸತ್ತವರ ಹೆಂಡತಿ ಚನ್ನಮಲ್ಲಮ್ಮ ತಲೆಯಾಡಿಸಿದರು. ಆ ರೂಲಿಗೆ ಅವರದೂ ಸಹಿಯಿತ್ತು. ಮನೆಗೆಲಸದವರು, ಕಸದ ಟ್ರ್ಯಾಕ್ಟರು, ಸಾವು ಮೂರೂ ಒಂದೇ ಸಾಲಿನಲ್ಲಿದ್ದವು. ಓದಿಯೇ ಹಾಕಿದ್ದರು.

ಮಧುಗಿರಿ ಪೇಟೆಯಲ್ಲಿ ಮೂವತ್ತೆಂಟು ವರ್ಷ ನೀರಿಗೆ ಕೊಡ ಸಾಲಿಟ್ಟ ಹೆಂಗಸು. ಇಲ್ಲಿ ನಲ್ಲಿ ತಿರುಗಿಸಿದರೆ ಮಹಡಿ ಮೇಲೂ ನೀರು. ಚರಂಡಿಗೆ ಮುಚ್ಚಳ, ಬೀದಿಗೆ ದೀಪ. ಸಂಜೆ ಹೊತ್ತು ಬೆಟ್ಟ ನೋಡುತ್ತಾ ಗಂಡನ ಸಮಕ್ಕೆ ನಡೆಯುತ್ತಿದ್ದರು. ಪೇಟೆಯಲ್ಲಿ ಎಂದೂ ನಾಲ್ಕು ಹೆಜ್ಜೆ ಹಿಂದೆಯೇ. "ಎಲ್ಲಿಗ್ ಹೊಂಟ್ರಿ ಇಬ್ರೂವೆ?" ಎಂದು ಜಗುಲಿಯಿಂದ ಕೂಗುವವರು ಇಲ್ಲಿ ಯಾರೂ ಇರಲಿಲ್ಲ, ಅದೇ ಒಂದು ಸುಖವಾಗಿತ್ತು. ಪೇಟೆಯಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಒಲೆ ಹಚ್ಚದ ಮನೆಗೆ ನಾಲ್ಕು ಕಡೆಯಿಂದ ಉಪ್ಪಿಟ್ಟು ಬಂದಿರುತ್ತಿತ್ತು. ಇಲ್ಲಿ ಮಗ ಗೌರೀಶನ ಫೋನಿಗೆ ಅರವತ್ತು ಜೊತೆ ಮುಗಿದ ಕೈಗಳ ಚಿತ್ರ ಬಂದಿದ್ದವು.

ಅಂಗಳದಲ್ಲಿ ಪೇಟೆಯಿಂದ ಬಂದ ಸೋದರಳಿಯ ಬಸವೇಶ ಬಾಳೆದಿಂಡು ಕಟ್ಟಿ ವಿಮಾನ ಸಿದ್ಧಮಾಡುತ್ತಿದ್ದ. ಈ ಮನೆತನದಲ್ಲಿ ಸತ್ತವರು ಮಲಗಿ ಹೋಗುವುದಿಲ್ಲ. ಕಾಲು ಮಡಿಸಿ ಕೂತು, ಅಂಗೈಯಲ್ಲಿ ಲಿಂಗ ಹಿಡಿದು ವಿಮಾನದಲ್ಲಿ ಹೋಗುತ್ತಾರೆ. ಗುಣಿಯೊಳಗೂ ಕೂತೇ ಇರುತ್ತಾರೆ.

ಆರು ವರ್ಷದಿಂದ ಮನೆಗೆಲಸಕ್ಕೆ ಬರುವ ದಾಸಮ್ಮ ಕಣ್ಣೊರೆಸಿಕೊಳ್ಳುತ್ತಾ ವಿಮಾನವನ್ನು ಮೇಲಿಂದ ಕೆಳಗೆ ನೋಡಿದಳು.

"ಅಮ್ಮೋರೇ, ಇದು ಹಿಂದ್ಲು ಗೇಟ್ನಾಗೆ ಹೆಂಗ್ ತೂರ್ತದೆ? ಲಾರಿ ಬರ್ಬಾರ್ದು ಅಂತ ಕಬ್ಬಿಣದ್ ತೊಲೆ ಅಡ್ಡ ಹಾಕವ್ರೆ. ತಲೆ ಮ್ಯಾಲೆ ಬುಟ್ಟಿ ಇದ್ರೆ ನಾನೇ ಬಗ್ಬೇಕು."

"ಯಾವಾಗ್ ಹಾಕಿದ್ರು?"

"ಮೊದ್ಲಿಂದ್ಲೂ ಐತೆ. ನೀವ್ಯಾಕ್ ಆ ಕಡೀಕ್ ಬತ್ತೀರ ಬುಡಿ."

ಆರು ವರ್ಷದಲ್ಲಿ ಒಂದು ದಿನವೂ ಚನ್ನಮಲ್ಲಮ್ಮ ಆ ಗೇಟು ನೋಡಿರಲಿಲ್ಲ. ಗೌರೀಶ ಹೋಗಿ ಅಳೆದು ಬಂದ. "ಆಳಿಗಿಂತ ಒಂದು ಗೇಣು ಎತ್ತರ, ಅಷ್ಟೇ ಕಣಮ್ಮ. ಅಗಲ ಕಸದ ಟ್ರ್ಯಾಕ್ಟರು ತೂರುವಷ್ಟು."

"ನಮ್ಮಲ್ಲಿ ಮಲಗ್ಸೇ ಒಯ್ಯೋದು. ಇದು ನಂಗೆ ಹೊಳೀಲೇ ಇಲ್ಲ," ಎಂದು ನವೀನ್ ಕುಮಾರ್ ಪೆಚ್ಚಾದರು. ಹೊರಗೆ ನಿಂತು ಅಧ್ಯಕ್ಷರ ಜೊತೆ ಫೋನಿನಲ್ಲಿ ಬಹಳ ಹೊತ್ತು ಬೇಡಿಕೊಂಡರು. ಬೇಡಿಕೊಂಡಿದ್ದು ಎಲ್ಲರಿಗೂ ಕೇಳಿಸಿತು. ಮರಳಿ ಬಂದು, "ಹಿಂದಿನ ಗೇಟ್ ದಾಟೋವರೆಗೆ ಸಣ್ಣ ಆಂಬುಲೆನ್ಸಲ್ಲಿ ಮಲಗ್ಸಿ ಒಯ್ಯಬೇಕಂತೆ. ಮೇನ್ ರೋಡಲ್ಲಿ ಮತ್ತೆ ಕೂರ್ಸ್ಕೊಳ್ಳಿ," ಎಂದರು.

ಬಸವೇಶ ಕುಡುಗೋಲು ಕೆಳಗಿಟ್ಟ. "ಏನ್ ಸೆಕ್ರೆಟ್ರಿಗಳೇ, ನಮ್ ಮಾವುನ್ನ ಪಾರ್ಸಲ್ ಮಾಡಾಣ ಅಂತೀರಾ? ಜ್ವರ ಬಂದಾಗ್ಲೂ ಪೇಟೆ ಯಾಪಾರದ್ ಮಂಡಿ ಗಾದಿ ಬುಟ್ಟು ಮಲಗಿದೋನಲ್ಲ!"

ಯಾರೋ ನಕ್ಕು, ತಕ್ಷಣ ಬಾಯಿ ಮುಚ್ಚಿಕೊಂಡರು.

ಗೌರೀಶ ತಾಯಿಯ ಕಿವಿಯ ಹತ್ತಿರ ಬಗ್ಗಿದ. "ಹತ್ ನಿಮಿಷದ್ ಮಾತಮ್ಮ. ನಾಳೆ ನಾವು ಇಲ್ಲೇ ಬಾಳ್ಬೇಕು. ಇವ್ರ ಮುಖಾನೇ ನೋಡ್ಬೇಕು."

ಅದು ಸುಳ್ಳಲ್ಲವೆಂದು ಚನ್ನಮಲ್ಲಮ್ಮನಿಗೂ ಗೊತ್ತಿತ್ತು. ಪೇಟೆಯ ಮನೆ ಮಾರಿಯಾಗಿತ್ತು.

ಹನ್ನೆರಡಕ್ಕೆ ವಿಮಾನ ಎದ್ದಿತು. ಬೀದಿ ಎರಡಾಗಿ ಒಡೆಯುವಲ್ಲಿ ಎಡಕ್ಕೆ ಆಂಬುಲೆನ್ಸ್ ಬಾಗಿಲು ತೆರೆದು ನಿಂತಿತ್ತು, ಸ್ಟ್ರೆಚರು ಹೊರಗೆಳೆದಿದ್ದರು. ಅದರ ಪಟ್ಟಿಗಳು ಜೋತಾಡುತ್ತಿದ್ದವು. ಹೊತ್ತವರು ಕಾಲು ತಡೆದು ಚನ್ನಮಲ್ಲಮ್ಮನ ಕಡೆ ನೋಡಿದರು.

"ಬಲಕ್ಕೆ ನಡೀರಿ," ಎಂದರು ಅವರು.

ಮುಂದಿನ ಗೇಟಿನಲ್ಲಿ ಕಾವಲಿನವನು ಫೋನು ಕಿವಿಗಿಟ್ಟುಕೊಂಡೇ ಬಾಗಿಲೆಳೆದು ಚಿಲಕ ಹಾಕಿದ. ನವೀನ್ ಕುಮಾರ್ ಓಡುತ್ತಾ ಬಂದು ಕೈ ಮುಗಿದರು.

"ಅಮ್ಮಾ, ದಯವಿಟ್ಟು. ಆಂಬುಲೆನ್ಸಲ್ಲಿ ಮಲಗ್ಸಕ್ಕೆ ಹೇಳಿ. ನನ್ ಮಾತು ಕೇಳಿ."

"ಬೆಳಿಗ್ಗೆ ನೀನ್ ಅವ್ರ ಎದೆ ಒತ್ತಿದ್ದನ್ನ ಸಾಯೋಗಂಟ ಮರೆಯಲ್ಲ ಕಣಪ್ಪ," ಎಂದರು ಚನ್ನಮಲ್ಲಮ್ಮ. "ಆದ್ರೆ ಮಲಗ್ಸಲ್ಲ. ಬಸವೇಶ, ಇಳಿಸ್ರಪ್ಪ ಇಲ್ಲೇ. ಗೇಟಿಗ್ ಮುಖ ಮಾಡಿ."

ವಿಮಾನ ನಡುಬೀದಿಯಲ್ಲಿ ಇಳಿಯಿತು. ಚನ್ನಮಲ್ಲಮ್ಮ ಸೆರಗು ಸುತ್ತಿಕೊಂಡು, ಬಿಸಿಲಿಗೆ ಕಾದ ಸಿಮೆಂಟು ಕಲ್ಲುಗಳ ಮೇಲೆ ಕೂತರು. ಹೊತ್ತು ತಂದವರು ಹೆಗಲ ಟವಲ್ಲು ಕೊಡವಿ ಹಾಸಿ, ಒಬ್ಬೊಬ್ಬರಾಗಿ ಕೂರತೊಡಗಿದರು.