ಮಧುವನಹಳ್ಳಿ ವಿಲನ್ನಿಗೆ ಒಂದು ಮೊಳ ಹೂವು

ಮುಖ ದೇವರು ಕೊಟ್ಟಿದ್ದು. ಅದನ್ನು ಬೇರೆ ಮಾಡಿಕೊಡು ಅಂತ ಜನ ನನ್ನ ಹತ್ತಿರ ಬರುತ್ತಾರೆ. ಕೊಳ್ಳೇಗಾಲದ ಬಸ್ ಸ್ಟ್ಯಾಂಡ್ ಹಿಂದೆ ನನ್ನ ಸ್ಟುಡಿಯೋ. ಪಾಸ್‌ಪೋರ್ಟ್ ಫೋಟೋ, ಮದುವೆ ಆಲ್ಬಮ್, ಹುಟ್ಟುಹಬ್ಬದ ಫ್ಲೆಕ್ಸು, ತಿಥಿಯ ಫ್ರೇಮು ಎಲ್ಲ ಮಾಡುತ್ತೇನೆ. ಕಪ್ಪಗಿರುವವನು ಬೆಳ್ಳಗೆ ಮಾಡು ಅನ್ನುತ್ತಾನೆ, ಬೋಳುತಲೆಯವನು ಕೂದಲು ಇಡು ಅನ್ನುತ್ತಾನೆ. ಅವರನ್ನೆಲ್ಲ ಸಹಿಸಿಕೊಂಡ ನನಗೆ ಬಸವೇಶ ಒಬ್ಬನನ್ನು ಸಹಿಸಲು ಆಗಲಿಲ್ಲ.

ಬಸವೇಶ ಮಧುವನಹಳ್ಳಿಯವನು, ನನ್ನ ಜೊತೆ ಓದಿದವನು, ಬಾಳೆ ಬೆಳೆಯುತ್ತಾನೆ. ಊರ ನಾಟಕದಲ್ಲಿ ಖಳನ ಪಾರ್ಟು ಅವನಿಗೇ ಬೇಕು. ಅವನು ಕತ್ತಿ ಹಿಡಿದು ಬಂದರೆ ಮುಂದೆ ಕೂತ ಮಕ್ಕಳು ನಿದ್ದೆ ಹೋಗುತ್ತವೆ, ಅದು ಬೇರೆ ಮಾತು. ಈ ಸಲ ಯಾವುದೋ ಟಿ.ವಿ. ಧಾರಾವಾಹಿಯವರು ಹೊಸ ಮುಖ ಹುಡುಕುತ್ತಿದ್ದರು. ಪಾತ್ರಕ್ಕೆ ಜನ ಆರಿಸುವ ಸೌಮ್ಯ ಎಂಬ ಹುಡುಗಿ ಫೋನಿನಲ್ಲಿ ನನಗೆ ಖಡಾಖಂಡಿತವಾಗಿ ಹೇಳಿದಳು: "ಸಂಜೆಯೊಳಗೆ ಫೋಟೋ ಕಳಿಸಿ ಸರ್. ನೋಡಿದ ತಕ್ಷಣ ಇವರು ಯಾವ ಪಾತ್ರಕ್ಕೆ ಅಂತ ಗೊತ್ತಾಗಬೇಕು. ಇಲ್ಲದಿದ್ರೆ ಕರೆಯಲ್ಲ."

"ಐವತ್ತು ದಾಟ್ತು ಕಣ್ಲಾ ನಾಗರಾಜು," ಅಂದ ಬಸವೇಶ. "ಈ ಸಲ ತಪ್ಪುದ್ರೆ ಮುಗೀತು. ನನ್ ಫೋಟೋ ಕಂಡ್ರೆ ಜನ ನಡುಗ್ಬೇಕು, ಅಂಗ್ ತಗಿ."

ಕಣ್ಣಿಗೆ ಕಾಡಿಗೆ ಹಚ್ಚಿದೆ. ಕೊರಳಿಗೆ ಕೆಂಪು ವಸ್ತ್ರ ಸುತ್ತಿದೆ. ಬಾಳೆಗೊನೆ ಕಡಿಯುವ ಮಚ್ಚನ್ನು ಅವನೇ ತಂದಿದ್ದ. ಕಣ್ಣು ಕೆಕ್ಕರಿಸು ಅಂದರೆ ಕಣ್ಣಲ್ಲಿ ನೀರು ತುಂಬಿಕೊಂಡ. ಹಲ್ಲು ಕಡಿ ಅಂದರೆ ಪ್ರಸಾದ ತಿಂದವನ ಹಾಗೆ ನಕ್ಕ. ಕೊನೆಗೆ ಮಚ್ಚು ಕಿತ್ತಿಟ್ಟು ಮುಖ ಒಂದನ್ನೇ ತೆಗೆದೆ. ನನಗಂತೂ ಅದು ಭಯಂಕರವಾಗಿಯೇ ಕಂಡಿತು.

"ನಮ್ಮಿಬ್ರ ಮಾತು ಬ್ಯಾಡ, ಗುರ್ತಿಲ್ದೋರ್ನ ಕೇಳವ," ಅಂದೆ. ಪ್ರಿಂಟು ಹಾಕಿ, ಕೈಗೆ ಸಿಕ್ಕ ಫ್ರೇಮಿಗೆ ಸೇರಿಸಿ, ಅಂಗಡಿ ಮುಂದೆ ಕುರ್ಚಿಯ ಮೇಲೆ ಇಟ್ಟೆ. ಬಸವೇಶ ಬಾಗಿಲ ಹಿಂದೆ ನಿಂತ.

ಹನೂರಿನ ಬಸ್ಸಿಗೆ ಹೊರಟಿದ್ದ ಮುದುಕರೊಬ್ಬರು ನಿಂತರು. ಚಪ್ಪಲಿ ಬಿಟ್ಟು ಕೈ ಮುಗಿದರು.

"ನೋಡಿದ್ರೆ ಯಾರು ಅನ್ನುಸ್ತದೆ ಅಜ್ಜ?" ಅಂದೆ.

"ಯಾರಾದ್ರೇನಪ್ಪ, ಪುಣ್ಯಾತ್ಮ. ಮಕ್ಳು ಚಿಕ್ಕವಾ?"

ಆಮೇಲೆ ಹೂ ಮಾರುವ ಪುಟ್ಟಬಸಮ್ಮ ಬಂದು ಬುಟ್ಟಿ ಇಳಿಸಿದಳು. "ಅಯ್ಯೋ ಶಿವನೇ, ಯಾವಾಗ್ ತೀರ್ಕಂಡ್ರು ಸಾ? ಒಳ್ಳೇವ್ರಿಗೆ ಕಾಲ್ವಿಲ್ಲ ಬುಡಿ," ಅಂತ ಒಂದು ಮೊಳ ಸೇವಂತಿಗೆ ತೆಗೆದು ಫ್ರೇಮಿಗೆ ಹಾಕಿಯೇಬಿಟ್ಟಳು.

ಬಸವೇಶ ಮಚ್ಚು ಹಿಡಿದು ಹೊರಗೆ ಹಾರಿದ. "ನಾನ್ ಬದ್ಕಿವ್ನಿ ಕಣಮ್ಮ! ವಿಲನ್ನು ನಾನು!"

ಪುಟ್ಟಬಸಮ್ಮ ಅವನನ್ನೊಮ್ಮೆ, ಫೋಟೋವನ್ನೊಮ್ಮೆ ನೋಡಿದಳು. "ಅವ್ರ ತಮ್ಮನಾ ನೀವು? ಅಳ್ಬ್ಯಾಡಿ ಸ್ವಾಮಿ, ಧೈರ್ಯ ತಕಳಿ."

ನಾನು ಬಿದ್ದು ಬಿದ್ದು ನಕ್ಕೆ. ಬಸವೇಶ ನಗಲಿಲ್ಲ. ಕಾಡಿಗೆ ಕೆನ್ನೆಗೆ ಇಳಿದಿತ್ತು, ಪಾಪ ಅನ್ನಿಸಿತು. ಆದರೂ ಕೋತಿಬುದ್ಧಿ ಬಿಡಬೇಕಲ್ಲ! ವಿಲನ್ ಫೋಟೋಗಳ ಜೊತೆ ಹೂ ಹಾಕಿದ್ದ ಆ ಫ್ರೇಮನ್ನೂ ಮೊಬೈಲಿನಲ್ಲಿ ತೆಗೆದು ಕಳಿಸಿಬಿಟ್ಟೆ.

ಸ್ವಲ್ಪ ಹೊತ್ತಿಗೇ ಸೌಮ್ಯ ಫೋನ್ ಮಾಡಿದಳು. "ಸರ್, ಬೇರೆ ಯಾವುದೂ ಬೇಡ. ಹೂ ಹಾಕಿರೋದು ಇದೆಯಲ್ಲ, ನಮ್ಮ ನಾಯಕಿಯ ತೀರಿಕೊಂಡ ತಂದೆಗೆ ಇಂಥ ಮುಖಕ್ಕೇ ಹುಡುಕ್ತಿದ್ವಿ. ಧಾರಾವಾಹಿ ಮುಗಿಯೋವರೆಗೂ ಗೋಡೆ ಮೇಲೆ ಇರ್ತಾರೆ."

ಬಸವೇಶ ಉರಿದುಬಿದ್ದ. "ಬದ್ಕಿರೋನ ಪಟಕ್ಕೆ ಆರ ಆಕದಾ? ನಮ್ಮೋಳು ಒಪ್ಪಾಳಾ, ಕೇಳು!" ಹೆಂಡತಿ ಬೇಡ ಅಂದರೆ ಮರ್ಯಾದೆ ಉಳಿಯುತ್ತದೆ ಅಂತ ಅವನ ಲೆಕ್ಕ. ಅಲ್ಲೇ ಫೋನ್ ಹಚ್ಚಿದ. ಪುಟ್ಟಮಲ್ಲಮ್ಮ ಎಲ್ಲ ಕೇಳಿಸಿಕೊಂಡು ನಿಧಾನಕ್ಕೆ ಹೇಳಿದರು: "ಸತ್ತ ಅಂತ ಸುದ್ದಿ ಆದೋರ್ಗೆ ಆಯಸ್ಸು ಎಚ್ಚು ಅಂತಾರೆ, ಆಕ್ಲಿ ಬುಡಿ. ಮನೇಲೂ ಸುಮ್ನೆ ಕೂತಿರ್ತೀರಿ, ಅಲ್ಲೂ ಅಂಗೇ ಕೂತಿರಿ."

ಧಾರಾವಾಹಿ ಶುರುವಾದ ಮೇಲೆ ಒಂದು ಸಂಜೆ ಅವರ ಮನೆಗೆ ಹೋಗಿದ್ದೆ. ಟಿ.ವಿ.ಯಲ್ಲಿ ನಾಯಕಿ ಫೋಟೋ ಮುಂದೆ ನಿಂತು, "ಅಪ್ಪಾ, ನೀವಿದ್ದಿದ್ರೆ ನನಗೀ ಗತಿ ಬರ್ತಿತ್ತಾ?" ಅಂತ ಬಿಕ್ಕುತ್ತಿದ್ದಳು.

"ನೋಡ್ಲಾ, ಒಂದ್ಸಲನಾದ್ರೂ ರೆಪ್ಪೆ ಮಿಟುಕ್ಸಿದ್ದೀನಾ?" ಅಂತ ಬಸವೇಶ ನನ್ನ ತೊಡೆ ತಟ್ಟಿದ. ಪಕ್ಕದಲ್ಲಿ ಪುಟ್ಟಮಲ್ಲಮ್ಮ ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವನು ಕರಗಿಹೋದ.

"ಅಳ್ಬ್ಯಾಡ ಕಣಮ್ಮಿ, ನಾನಿಲ್ಲೇ ಇವ್ನಿ."

"ಥೂ, ಸುಮ್ಕಿರಿ ಅತ್ಲಾಗಿ!" ಅಂದರು ಪುಟ್ಟಮಲ್ಲಮ್ಮ, ಟಿ.ವಿ.ಯಿಂದ ಕಣ್ಣು ಕೀಳದೆ. "ಎಂಥಾ ಗಂಡ್ಸು! ಮನೆ ಮಕ್ಳು ಅಂದ್ರೆ ಜೀವ ಬುಡ್ತಿದ್ರಂತೆ. ಅಂತೋರು ಓಗ್ಬುಟ್ರಲ್ಲ."

ಬಸವೇಶ ಹೆಂಡತಿಯನ್ನು ನೋಡಿದ. ಟಿ.ವಿ.ಯೊಳಗೆ ಗೋಡೆಯ ಮೇಲಿದ್ದ ಆ ಪುಣ್ಯಾತ್ಮನನ್ನು ನೋಡಿದ. ನನ್ನ ಕಿವಿಯ ಹತ್ತಿರ ಬಂದು ಹಲ್ಲು ಕಡಿದ.

"ಇವಯ್ಯನ್ನ ಕೊಂದೋನ್ ಯಾರು ಅಂತ ಇನ್ನೂ ತೋರ್ಸಿಲ್ಲ. ಆ ಪಾರ್ಟು ಖಾಲಿ ಐತಾ ಕೇಳ್ಲಾ."

ಆಗ ಅವನ ಕಣ್ಣು ಕೆಂಪಗಾಗಿದ್ದವು, ಮೀಸೆ ಅದುರುತ್ತಿತ್ತು. ದೇವರಾಣೆ ನಾನೇ ಹೆದರಿದೆ. ಇದಪ್ಪಾ ವಿಲನ್ನು ಅಂತ ಜೇಬಿನಿಂದ ಮೊಬೈಲ್ ತೆಗೆಯುವಷ್ಟರಲ್ಲಿ ಜಾಹೀರಾತು ಬಂತು, ಪುಟ್ಟಮಲ್ಲಮ್ಮ ಎದ್ದುಹೋಗಿ ಅವನ ಕೈಗೆ ಪಾಯಸದ ಲೋಟ ಕೊಟ್ಟರು. ಒಂದು ಗುಟುಕು ಕುಡಿದ ನೋಡಿ, ಮತ್ತೆ ಪುಣ್ಯಾತ್ಮನಾಗಿಬಿಟ್ಟ.