ಮೇಲಂತಸ್ತಿನ ಮುಂದಿನ ಸೀಟು

ಈರುಳ್ಳಿಯನ್ನು ಚೀಲದ ಒಳಗೆ ಇಡಬೇಕೋ ಹೊರಗೆ ನೇತುಹಾಕಬೇಕೋ ಎಂಬ ಪ್ರಶ್ನೆಯನ್ನು ಇದುವರೆಗೆ ಯಾವ ಇತಿಹಾಸಕಾರನೂ ಗಂಭೀರವಾಗಿ ಎತ್ತಿಕೊಂಡಿಲ್ಲ. ರಾಜ್ಯಗಳು ಎದ್ದದ್ದು ಬಿದ್ದದ್ದಕ್ಕೆಲ್ಲ ಕಾರಣ ಹುಡುಕಿದ ಪಂಡಿತರು ಕುಮಟಾದ ಸಿಹಿ ಈರುಳ್ಳಿಯ ಕಡೆ ತಿರುಗಿಯೂ ನೋಡದಿರುವುದು ವಿದ್ಯಾಲೋಕಕ್ಕೆ ಆದ ನಷ್ಟ. ಕೃಷ್ಣಾನಂದ ಭಟ್ಟರ ಮನೆಯಲ್ಲಿ ಮಾತ್ರ ಕಳೆದ ಏಪ್ರಿಲ್ ತಿಂಗಳಲ್ಲಿ ಈ ಪ್ರಶ್ನೆ ಬಂತು, ಚರ್ಚೆಯಾಯಿತು, ಇತ್ಯರ್ಥವೂ ಆಯಿತು. ಪರಿಣಾಮವನ್ನು ಅವರ ಹೆಂಡತಿ, ಹೆಸರೇ ಶ್ರೀಮತಿ, ಅನುಭವಿಸಿದರು.

ಭಟ್ಟರು ಕುಮಟಾದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರರಾಗಿದ್ದು ನಿವೃತ್ತರಾದವರು. ಮೃದು ಮನುಷ್ಯ. ‘ಆಗುವುದಿಲ್ಲ’ ಎಂಬ ಮಾತನ್ನು ಹೆಂಡತಿಗೆ ಬಿಟ್ಟು ಬೇರೆ ಯಾರಿಗೂ ಹೇಳಿ ಗೊತ್ತಿಲ್ಲದವರು. ಊರಿನಲ್ಲಿ ಅವರಿಗಿದ್ದ ಒಳ್ಳೆಯ ಹೆಸರಿನ ಗುಟ್ಟು ಇದೇ.

ಶ್ರೀಮತಿಯ ತವರು ಹೊನ್ನಾವರ. ಅವರ ಅಪ್ಪ ನಾರಿನ ವ್ಯವಹಾರಕ್ಕೆಂದು ಆಗಾಗ ಮುಂಬಯಿಗೆ ಹೋಗಿ ಬರುತ್ತಿದ್ದರು. ಬಂದವರು ಗೇಟ್‌ವೇ, ಮ್ಯೂಸಿಯಮ್ಮು ಏನನ್ನೂ ವರ್ಣಿಸುತ್ತಿರಲಿಲ್ಲ. ಡಬ್ಬಲ್ ಡೆಕ್ಕರ್ ಬಸ್ಸೊಂದನ್ನೇ ವರ್ಣಿಸುತ್ತಿದ್ದರು. ಮೇಲಂತಸ್ತು, ಅದರಲ್ಲೂ ಎಲ್ಲಕ್ಕಿಂತ ಮುಂದಿನ ಸೀಟು. “ಎದುರಿಗೆ ಡ್ರೈವರ್ ಇಲ್ಲೆ, ಎಂತದೂ ಇಲ್ಲೆ. ಬಸ್ಸು ನಾವೇ ಬಿಟ್ಟ ಹಾಂಗೆ ಕಾಣ್ತು.” ಮಗಳನ್ನು ಮುಂದಿನ ಸಲ ಕರೆದುಕೊಂಡು ಹೋಗುವುದಾಗಿಯೂ ಹೇಳುತ್ತಿದ್ದರು. ಅಷ್ಟರಲ್ಲಿ ವ್ಯವಹಾರ ನಿಂತಿತು, ಮದುವೆಯಾಯಿತು, ಅಪ್ಪ ಹೋದರು, ಆ ಹಳೆಯ ಬಸ್ಸುಗಳೂ ಗುಜರಿಗೆ ಹೋದವು. ಭಟ್ಕಳದ ಬ್ಯಾಂಕೊಂದರಲ್ಲಿ ಕೆಲಸ ಮಾಡುವ ಮಗಳು ಅಮೂಲ್ಯಾ ಒಂದು ದಿನ ಫೋನಿನಲ್ಲಿ ಹೊಸದೊಂದು ಬಸ್ಸಿನ ಚಿತ್ರ ತೋರಿಸಿದಳು. ಕರೆಂಟಿನದು, ಏಸಿ, ಆದರೆ ಎರಡಂತಸ್ತು. ಮೇಲೆ ಮುಂದೆ ಅದೇ ಸೀಟು.

“ಯಂಗೆ ಗೇಟ್‌ವೇ ಬೇಡ, ಸಿನಿಮಾದವ್ರ ಮನೆಯೂ ಬೇಡ,” ಎಂದರು ಶ್ರೀಮತಿ. “ಅದೊಂದು ಸೀಟು ಸಾಕು.”

ಅಮೂಲ್ಯಾ ರೈಲಿಗೆ ಟಿಕೆಟ್ ಮಾಡಿದಳು, ಸಿಎಸ್‌ಟಿ ಸ್ಟೇಷನ್ನಿನ ಹತ್ತಿರ ಲಾಜಿನಲ್ಲಿ ರೂಮು ಹಿಡಿದಳು. ಹಿಡಿದು ಅಪ್ಪನಿಗೆ ಎಚ್ಚರಿಕೆಯನ್ನೂ ಕೊಟ್ಟಳು: “ಅಪ್ಪಾ, ಯಾರಿಗೂ ಹೇಳಡಿ. ಒಂದು ಮನೆಗೆ ಹೋದ್ರೆ ಮುಗತ್ತು.”

ಭಟ್ಟರು ಯಾರಿಗೂ ಹೇಳಲಿಲ್ಲ. ಮುಂಬಯಿಯ ಹೊರವಲಯದ ಡೊಂಬಿವಲಿಯಲ್ಲಿದ್ದ ಚಿಕ್ಕಪ್ಪನ ಮಗ ನಿತ್ಯಾನಂದನಿಗೆ ಮಾತ್ರ ಹೇಳಿದರು. ಹೇಳದಿದ್ದರೆ ಬೇಜಾರು ಮಾಡಿಕೊಳ್ಳುತ್ತಾನೆ. ಲಾಜು ಎಂದ ಕೂಡಲೇ ಅವನು ಬೇಜಾರು ಮಾಡಿಕೊಂಡ. ಲಾಜು ರದ್ದಾಯಿತು. ಮುಂಬಯಿಯಿಂದ ಸುದ್ದಿ ವಾಪಸ್ ಕುಮಟಾಕ್ಕೆ ಬಂತು. ರೈಲಿಗಿಂತ ಬೇಗ ಬಂತು.

ಊರಿನ ಕಡೆಯಿಂದ ಮುಂಬಯಿಗೆ ಹೋಗುವ ಮನುಷ್ಯ ಬರಿಗೈಯಲ್ಲಿ ಹೋಗುವುದು ನಮ್ಮಲ್ಲಿ ಇಲ್ಲ. ಅವನ ಎರಡು ಕೈಗಳು ಊರಿನವು. ಬದಿಮನೆಯ ಹೇಮಾ ಬೊರಿವಲಿಯ ತಂಗಿ ದೀಪಿಕಾಳಿಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ತಂದಳು. ಇನ್ಯಾರೋ ಮುರುಗಲು ಸಿಪ್ಪೆ, ಇನ್ಯಾರೋ ಹಲಸಿನ ಹಪ್ಪಳ. ಕೊನೆಗೆ, ಮನೆಮನೆಗೆ ತರಕಾರಿ ಕೊಡುವ ನಾಗು ತನ್ನ ಗದ್ದೆಯ ಈರುಳ್ಳಿಯ ದೊಡ್ಡದೊಂದು ಗೊಂಚಲು ಹೊತ್ತು ಬಂದು ಜಗಲಿಯಲ್ಲಿ ಇಳಿಸಿದಳು. ಒಣಗಿದ ಸೊಪ್ಪನ್ನೇ ಹೆಣೆದು ಜಡೆ ಮಾಡಿ, ಕೆಂಪು ಗಡ್ಡೆಗಳು ಒಂದರ ಮೇಲೊಂದು ಕೂತ ಗೊಂಚಲು.

“ಬೊಂಬಾಯಿಗೆ ಹೊಂಟ್ರಂತೆ ಭಟ್ರೆ? ನಮ್ಮಕ್ಕನ ಮಗ ಪ್ರವೀಣ ಅಲ್ಲೇ ಇರೂದು, ಕೋಟೆ ಬದಿಗೆ ಎಂತದೋ ಕ್ಯಾಂಟೀನಲ್ಲಿ. ಇದೊಂದು ಅವ್ನಿಗೆ ಮುಟ್ಸಿ.”

“ಆತು,” ಎಂದರು ಭಟ್ಟರು.

ಶ್ರೀಮತಿ ಗೊಂಚಲನ್ನು ಚೀಲಕ್ಕೆ ತುರುಕಲು ಹೋದರು. ನಾಗು ಕೈ ಹಿಡಿದಳು. “ಅಯ್ಯೋ ಅಮ್ಮಾ, ಒಳಗೆ ತುಂಬ್ಬೇಡಿ. ಗಾಳಿ ಬೇಕು ಅದ್ಕೆ. ಉಸ್ರು ಕಟ್ರೆ ಕೊಳೀತದೆ.”

“ಇಷ್ಟು ದೊಡ್ಡದ್ನ ಹೊರಗೆ ನೇತಾಡ್ಸಕಂಡು ಹೋಪದಾ?” ಶ್ರೀಮತಿ ಗಂಡನ ಕಡೆ ನೋಡಿದರು.

“ಹೋಪನ,” ಎಂದರು ಭಟ್ಟರು. “ಅವಳು ಬೆಳೆದವಳು, ಅವಳಿಗೆ ಗೊತ್ತಿರ್ತು.” ಹೀಗೆ ಪ್ರಶ್ನೆ ಇತ್ಯರ್ಥವಾಯಿತು.

ಡೊಂಬಿವಲಿಯ ಫ್ಲ್ಯಾಟಿಗೆ ಒಂದು ಮರದ ಬಾಗಿಲು, ಅದರ ಹೊರಗೆ ಒಂದು ಕಬ್ಬಿಣದ ಬಾಗಿಲು, ಎರಡಕ್ಕೂ ಸೇರಿ ಒಂದು ಸರಪಳಿ. ಕಿಟಕಿಗೆ ಸರಳು, ಸರಳಿನ ಆಚೆ ಪಾರಿವಾಳ ಬಾರದಂತೆ ಬಲೆ, ಬಲೆಯ ಆಚೆ ಕೈಚಾಚಿದರೆ ಸಿಗುವಷ್ಟು ಹತ್ತಿರ ಇನ್ನೊಂದು ಕಟ್ಟಡದ ಅಡುಗೆಮನೆ. ಅಲ್ಲಿಯ ಹೆಂಗಸು ದಾಲಿಗೆ ಒಗ್ಗರಣೆ ಹಾಕಿದರೆ ಸೀನು ಬರುತ್ತಿದ್ದುದು ಶ್ರೀಮತಿಗೆ. ಈರುಳ್ಳಿಗೆ ಮಾತ್ರ ಒಳ್ಳೆಯ ಜಾಗ ಸಿಕ್ಕಿತು. ನಿತ್ಯಾನಂದ ಅದನ್ನು ಫ್ಯಾನಿನ ಎದುರು ಮೊಳೆಗೆ ನೇತುಹಾಕಿದ. ಉಳಿದವರು ಬೆವರಿದರು.

“ಹೈವೇ ಕೆಲಸ ಮುಗತ್ತಾ? ಗಿಬ್ ಸರ್ಕಲ್ ಹತ್ರ ಚಾ ಅಂಗಡಿ ಇದ್ದಾ ಈಗ್ಲೂ? ಈ ವರ್ಷ ಮಾವಿನಮಿಡಿ ಹ್ಯಾಂಗೆ?” ನಿತ್ಯಾನಂದ ರಜೆ ಹಾಕಿ ಕೂತು ಕೇಳಿದ. ಭಟ್ಟರು ಉತ್ತರಿಸಿದರು. ಗೋಡೆಯ ಮೇಲೆ ಕುಮಟಾದ ಸೊಸೈಟಿಯೊಂದರ ಕ್ಯಾಲೆಂಡರ್ ಗಾಳಿಗೆ ಹಾರಾಡುತ್ತಿತ್ತು. ಮಧ್ಯಾಹ್ನಕ್ಕೆ ತಂಬುಳಿ. ಸಂಜೆಗೆ ಅವಲಕ್ಕಿ.

“ಪ್ಯಾಟೆ ಕಡೆ ಹೋಪಲೆ ಆಗ್ತನಾ?” ಶ್ರೀಮತಿ ಸೂಕ್ಷ್ಮವಾಗಿ ಕೇಳಿದರು.

“ಅಲ್ಲಿ ಎಂತ ಇದ್ದು ಅತ್ತಿಗೆ?” ನಿತ್ಯಾನಂದನಿಗೆ ನಿಜವಾಗಿ ಆಶ್ಚರ್ಯವಾಗಿತ್ತು. “ಆನು ಬಂದು ಇಷ್ಟು ವರ್ಷ ಆತು, ಆಫೀಸು ಬಿಟ್ರೆ ಯಂತದ್ನೂ ನೋಡಿದ್ನಿಲ್ಲೆ. ಒಂದು ದಿನವೂ ಬೇಜಾರಾಯ್ದಿಲ್ಲೆ.”

ಮರುದಿನ ಬೊರಿವಲಿ. ದಾರಿಯಲ್ಲಿ ಲೋಕಲ್ ರೈಲಿನೊಳಗೆ ಶ್ರೀಮತಿ ಮುಂಬಯಿಯನ್ನು ಸಾಕಷ್ಟು ಹತ್ತಿರದಿಂದ ನೋಡಿದರು. ಮುಂದೆ ಒಬ್ಬಳ ಬೆನ್ನು, ಪಕ್ಕದಲ್ಲಿ ಇನ್ನೊಬ್ಬಳ ಕಂಕುಳು, ಕಿಟಕಿ ಇದೆ ಎಂಬ ವದಂತಿ. ದೀಪಿಕಾ ಅಪ್ಪೆಮಿಡಿಯ ಭರಣಿ ಮೂಸಿ ಕಣ್ಣು ಒರೆಸಿಕೊಂಡಳು. ಹೈವೇ ಕೆಲಸ ಮುಗೀತಾ ಎಂದು ಕೇಳಿದಳು. ಅವಳ ಗೋಡೆಯಲ್ಲೂ ಅದೇ ಸೊಸೈಟಿಯ ಕ್ಯಾಲೆಂಡರ್, ಪಕ್ಕದಲ್ಲಿ ಹೊನ್ನಾವರ ಹತ್ತಿರದ ಅಪ್ಸರಕೊಂಡ ಜಲಪಾತದ ಫೋಟೋ. “ಎಷ್ಟು ಚಂದ ಅಲ್ದಾ ನಮ್ಮ ಬದಿ?” ಎಂದಳು. ಹೊನ್ನಾವರದಲ್ಲಿ ಹುಟ್ಟಿದ ಶ್ರೀಮತಿ ಆ ಫೋಟೋವನ್ನು ಸೌಜನ್ಯಕ್ಕೆಂದು ಎದ್ದು ಹೋಗಿ ನೋಡಿದರು.

ಹೊರಡುವಾಗ ಭಟ್ಟರ ಒಂದು ಕೈಯನ್ನು ದೀಪಿಕಾ ಖಾಲಿಮಾಡಿದ್ದಳು. ಆ ಕೈಗೆ ಅಕ್ಕನಿಗೆ ಕೊಡಲು ಸೀರೆಯ ಪೊಟ್ಟಣ ಬಂತು. ಜೊತೆಗೆ ಅವಳ ಮೈದುನನ ವಿಳಾಸವೂ ಬಂತು. ಅವನು ಕುಮಟಾದವರನ್ನು ನೋಡದೆ ಬಹಳ ಕಾಲವಾಯಿತಂತೆ.

ರಾತ್ರಿ ಊಟದ ಹೊತ್ತಿಗೆ ಅಮೂಲ್ಯಾ ಫೋನ್ ಮಾಡಿದಳು. “ಆಯಿ, ಬಸ್ ಹತ್ತಿದ್ಯಾ?”

“ಇವತ್ತು ದೀಪಿಕಾ.”

“ನಾಳೆ?”

“ನಾಳೆ ದೀಪಿಕನ ಮೈದುನ.”

ಶ್ರೀಮತಿ ಬಲೆಯ ಆಚೆಯ ಅಡುಗೆಮನೆ ನೋಡುತ್ತ ಹೇಳಿದರು: “ಕುಮಟಾದಲ್ಲಿಪ್ಪಕಾದ್ರೆ ಒಂದೇ ಕುಮಟಾ ಇತ್ತು ಮಗಾ. ಇಲ್ಲಿ ಬಾಗಿಲಿಗೊಂದು ಇದ್ದು.”

ಕೊನೆಯ ದಿನ ಉಳಿದದ್ದು ಬೆಳಗು ಮಾತ್ರ. ಮಧ್ಯಾಹ್ನ ದಾಟಿದರೆ ವಾಪಸ್ ರೈಲು. ಮುಟ್ಟಿಸಲು ಉಳಿದದ್ದು ನಾಗುವಿನ ಈರುಳ್ಳಿ ಮಾತ್ರ. ಪ್ರವೀಣನ ಕ್ಯಾಂಟೀನು ಇದ್ದ ‘ಕೋಟೆ’ ಎಂದರೆ ಡಬ್ಬಲ್ ಡೆಕ್ಕರ್ ಓಡಾಡುವ ಫೋರ್ಟ್ ಎಂದು ಗೊತ್ತಾದಾಗ ಶ್ರೀಮತಿಗೆ ಮೊದಲ ಬಾರಿ ಆ ಈರುಳ್ಳಿಯ ಮೇಲೆ ಪ್ರೀತಿ ಬಂತು. ಸಿಎಸ್‌ಟಿಯಲ್ಲಿ ಇಳಿದು ಹೊರಗೆ ಬಂದರೆ ಎದುರಿಗೇ ಕೆಂಪು ಬಸ್ಸು, ಎರಡಂತಸ್ತು.

“ಇದೇ ಆ ಬದಿಗೆ ಹೋಗ್ತು. ಕೇಳಿದೆ,” ಎಂದರು ಶ್ರೀಮತಿ. ಯಾರನ್ನು ಯಾವಾಗ ಕೇಳಿದ್ದರೋ ಭಟ್ಟರಿಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೆಟ್ಟಿಲು ಹತ್ತಿಯಾಗಿತ್ತು.

ಮುಂದಿನ ಸೀಟು ಖಾಲಿ ಇತ್ತು. ಶ್ರೀಮತಿ ಕೂತರು. ಎದುರಿಗೆ ಡ್ರೈವರ್ ಇಲ್ಲ, ಏನೂ ಇಲ್ಲ. ಬರೀ ಗಾಜು. ಭಟ್ಟರು ಈರುಳ್ಳಿಗೆ ಗಾಳಿ ಬೇಕೆಂದು ಅತ್ತಿತ್ತ ನೋಡಿ, ಏಸಿಯ ತಣ್ಣನೆ ಗಾಳಿ ಬೀಳುವ ಕಡೆ, ಹಿಡಿದುಕೊಳ್ಳುವ ಸರಳಿಗೆ ಗೊಂಚಲನ್ನು ಕಟ್ಟಿದರು. ಬಸ್ಸು ಹೊರಟಿತು. ಗೊಂಚಲು ತೋರಣದಂತೆ ತೂಗಿತು. ಒಂದು ತಿರುವಿನಲ್ಲಿ ಮರದ ಕೊಂಬೆ ಗಾಜಿಗೆ ತಾಗಿದಾಗ ಶ್ರೀಮತಿ ಇಲ್ಲದ ಬ್ರೇಕನ್ನು ಕಾಲಲ್ಲಿ ಒತ್ತಿದರು. ಒತ್ತಿ, ನಕ್ಕರು.

“ಕುಮಟಾದವ್ರಾ?”

ಹಿಂದಿನಿಂದ ಬಂದ ಧ್ವನಿ. ಭಟ್ಟರು ತಿರುಗಿದರು. ಶ್ರೀಮತಿ ತಿರುಗಲಿಲ್ಲ.

“ಈರುಳ್ಳಿ ಕಂಡದ್ದೇ ಗೊತ್ತಾತು ನೋಡಿ! ನಾನು ಅನೂಪ. ಹೊನ್ನಾವರ ನಮ್ದು, ಬಂದರದ ಹತ್ರ. ಇಲ್ಲೇ ಮುಂದಿನ ಸ್ಟಾಪಿಗೆ ಅಂಗಡಿ ಇಟ್ಕಂಡಿದ್ದೆ. ಎಂತ ಹೇಳಿದ್ರೂ ಕೇಳೂದಿಲ್ಲ, ಚಾ ಕುಡ್ದೇ ಹೋಗೂದು. ಅಲ್ಲ, ಹೈವೇ ಕೆಲಸ ಮುಗೀತಾ?”

“ಆತು,” ಎಂದರು ಭಟ್ಟರು. ಯಾವುದಕ್ಕೆ ಎಂದು ಸ್ಪಷ್ಟವಾಗಲಿಲ್ಲ. ಕೈ ಮಾತ್ರ ಗೊಂಚಲಿನ ಗಂಟು ಬಿಚ್ಚುತ್ತಿತ್ತು. “ಶ್ರೀಮತೀ, ಬಾ. ಐದು ನಿಮಿಷ.”

“ಆನು ಇಳಿತ್ನಿಲ್ಲೆ.”

“ಊರಿನ ಮನುಷ್ಯ, ಇಷ್ಟು ಪ್ರೀತಿಂದ ಕರೀತಾ ಇದ್ದ...”

“ಕರೆದದ್ದು ನಿಂಗಳ. ನಿಂಗ ಹೋಗಿ.”

“ನಿಂಗೆ ದಾರಿ ಗೊತ್ತಿಲ್ಲೆ.”

“ಬಸ್ಸಿಗೆ ಗೊತ್ತಿದ್ದು.”

ಮೂವತ್ತು ಚಿಲ್ಲರೆ ವರ್ಷದ ಸಂಸಾರದಲ್ಲಿ ಭಟ್ಟರು ಈ ಧ್ವನಿಯನ್ನು ಕೇಳಿರಲಿಲ್ಲ. ಅನೂಪ ಅವರ ತೋಳು ಹಿಡಿದಿದ್ದ. ಬಸ್ಸು ಒಂದು ಚೌಕಕ್ಕೆ ಬಂದು ನಿಂತಿತು. ಈರುಳ್ಳಿ ಹಿಡಿದು ಭಟ್ಟರು ಇಳಿದರು.

ಆಮೇಲೆ ಬಸ್ಸು ಹೊರಡಬೇಕಿತ್ತು. ಹೊರಡಲಿಲ್ಲ. ಮುಂದೆ ರಸ್ತೆ ಅಗೆದು ಬೇಲಿ ಹಾಕಿದ್ದ ಕಡೆ ಉದ್ದದ ಟ್ರಕ್ಕೊಂದು ಅಡ್ಡ ಸಿಕ್ಕಿಕೊಂಡಿತ್ತು. ಹಿಂದೆಯೂ ವಾಹನಗಳು ಬಂದು ಮುತ್ತಿದವು. ಗಾಜು ತೆರೆಯುವ ಹಾಗಿಲ್ಲ. ಹೊರಗಿನ ಹಾರ್ನು ನೀರಿನೊಳಗಿಂದ ಕೇಳಿದಂತೆ ಮಂದವಾಗಿ ಕೇಳುತ್ತಿತ್ತು. ಎಡಕ್ಕೆ, ಸರಿಯಾಗಿ ಕೆಳಗೆ, ಅನೂಪನ ಅಂಗಡಿ. ಬಾಗಿಲ ಮೊಳೆಗೆ ಈರುಳ್ಳಿ ನೇತಾಡುತ್ತಿದೆ. ಭಟ್ಟರು ಸ್ಟೂಲಿನ ಮೇಲೆ ಕೂತು ಚಾ ಕುಡಿಯುತ್ತಿದ್ದಾರೆ. ಕೈಯಾಡಿಸುವುದನ್ನು ನೋಡಿದರೆ ಹೈವೇಯ ಸಂಗತಿ ಹೇಳುತ್ತಿದ್ದಾರೆ.

ಫೋನು ಬಂತು. ಕೆಳಗೆ ಭಟ್ಟರು ಕಿವಿಗೆ ಫೋನು ಹಚ್ಚಿ ಮೇಲೆ ನೋಡುತ್ತಿದ್ದರು. “ಇಳಿದು ಬಾ. ಬಸ್ಸು ಹ್ಯಾಂಗೂ ಹೋಗ್ತಿಲ್ಲೆ.”

“ಹೋಗ್ತು,” ಎಂದರು ಶ್ರೀಮತಿ.

ಚೌಕದಲ್ಲಿ ಒಂದು ಕಲ್ಲಿನ ಕಟ್ಟಡ, ಅದರ ಮೇಲೊಂದು ನಿಂತುಹೋದ ಗಡಿಯಾರ. ಅದರ ಕೆಳಗೆ ಬೆಲ್ಟು ಮಾರುವವನು. ಟ್ರಕ್ಕಿನವನಿಗೆ ಹಿಂದೆ ಬಾ, ಮುಂದೆ ಹೋಗು ಎಂದು ಕೈ ಮಾಡುತ್ತಿದ್ದ ಹತ್ತು ಜನ, ಹತ್ತು ಜನರದ್ದೂ ಹತ್ತು ದಿಕ್ಕು. ಶ್ರೀಮತಿ ಎಲ್ಲವನ್ನೂ ನೋಡಿದರು. ಬೆಲ್ಟು ಒಂದೂ ಮಾರಿಹೋಗಲಿಲ್ಲ. ಮೇಲಂತಸ್ತು ನಿಧಾನವಾಗಿ ಖಾಲಿಯಾಯಿತು. ಭಟ್ಟರಿಗೆ ಎರಡನೆಯ ಚಾ ಬಂತು.

ಕೊನೆಗೆ ಕಂಡಕ್ಟರ್ ಮೆಟ್ಟಿಲು ಹತ್ತಿ ಬಂದ. “ಮಾವಶೀ, ಗಾಡೀ ಪುಢೇ ಜಾಣಾರ ನಾಹೀ.”

ಕೊಂಕಣಿಯವರ ನಡುವೆ ಬೆಳೆದ ಶ್ರೀಮತಿಗೆ ಆ ಮರಾಠಿ ಅರ್ಥವಾಯಿತು. ಗಾಡಿ ಮುಂದೆ ಹೋಗುವುದಿಲ್ಲ. ಆದರೂ ಸ್ವಲ್ಪ ಹೊತ್ತು, ಅರ್ಥವಾಗದವರಂತೆ, ಕಾಲನ್ನು ಆ ಇಲ್ಲದ ಬ್ರೇಕಿನ ಮೇಲೆ ಇಟ್ಟುಕೊಂಡೇ ಕೂತಿದ್ದರು. ಆಮೇಲೆ ಇಳಿದರು. ಅನೂಪ ಸ್ಟೂಲು ಒರೆಸಿ ಕೊಟ್ಟ. ರೈಲಿಗೆ ಹೊತ್ತಾದ್ದರಿಂದ ಪ್ರವೀಣನಿಗೆ ಈರುಳ್ಳಿ ಮುಟ್ಟಿಸುವ ಕೆಲಸ ಅವನೇ ಹೊತ್ತುಕೊಂಡ. ಬದಲಿಗೆ ಹೊನ್ನಾವರದ ತನ್ನ ತಾಯಿಗೆಂದು ಒಂದು ಪೊಟ್ಟಣ ಕೊಟ್ಟ.

ಕುಮಟಾಕ್ಕೆ ಬಂದ ಮರುದಿನ ಸೀರೆಯ ಪೊಟ್ಟಣಕ್ಕೆಂದು ಹೇಮಾ ಬಂದಳು. ಅದೇ ಹೊತ್ತಿಗೆ ನಾಗು ಬಸಳೆ ಸೊಪ್ಪು ತಂದಿದ್ದಳು.

“ಮುಂಬೈ ಹ್ಯಾಂಗಾತು ಭಟ್ರೆ?” ಹೇಮಾ ಕೇಳಿದಳು.

“ಹೇಳುವಷ್ಟು ದೊಡ್ಡದು ಎಂತದೂ ಇಲ್ಲ,” ಎಂದರು ಭಟ್ಟರು. “ಅದೇ ಜನ, ಅದೇ ಮಾತು. ಸುಮ್ನೆ ಹೆಸರು.”

ಹೇಮಾ ಶ್ರೀಮತಿಯ ಕಡೆ ತಿರುಗಿದಳು. “ನೀವು ಎಂತ ನೋಡಿದ್ರಿ ಅಕ್ಕಾ?”

“ಒಂದು ಚೌಕ,” ಎಂದರು ಶ್ರೀಮತಿ, ಬಸಳೆ ಆರಿಸುತ್ತ.

“ಪ್ರವೀಣ ಫೋನ್ ಮಾಡಿದ್ದ,” ಎಂದಳು ನಾಗು. “ಒಂದು ಗಡ್ಡೆನೂ ಕೆಟ್ಟಿರ್ಲಿಲ್ವಂತೆ. ಹೊರಗೆ ನೇತಾಕಿದ್ದಕ್ಕೆ ಚಲೋ ಆತು ನೋಡಿ.”

ಈರುಳ್ಳಿ ಕೊಳೆಯದೆ ತಲುಪಿತು. ಬಸ್ಸು ಚೌಕದಿಂದ ಮುಂದೆ ಹೋಗಲಿಲ್ಲ.